ಮೈದಾನದಲ್ಲಿ ಕೊಟ್ಟ ಮಾತು

೧೬ ಡಿಸೆಂಬರ್ ೧೯೮೪, ಭಾನುವಾರ

ಚುನಾವಣೆ ಭಾಷಣಕ್ಕೆ ಹೋಗುವಾಗ ಕಿವಿಯ ಜೊತೆಗೆ ತಲೆಯನ್ನೂ ತೆಗೆದುಕೊಂಡು ಹೋಗಿ ಎಂದು ಹತ್ತನೇ ತರಗತಿಯ ಹುಡುಗಿಯರಿಗೆ ಪ್ರತಿ ವರ್ಷ ಪೌರನೀತಿಯ ಪಾಠದಲ್ಲಿ ಹೇಳುತ್ತೇನೆ. ಇವತ್ತು ನಾನೇ ತಲೆಯನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆ.

ಅವರೆಕಾಯಿ ತರಲೆಂದು ಜಯನಗರ ನಾಲ್ಕನೇ ಬ್ಲಾಕಿಗೆ ಹೋದವಳು ಮೈದಾನದ ಮೈಕಿನ ಸದ್ದಿಗೆ ನಿಂತುಬಿಟ್ಟೆ. ಲೋಕಸಭೆಗೆ ನಿಂತಿರುವ ಚಿಕ್ಕಬೈರಪ್ಪ ಮಾತಾಡುತ್ತಿದ್ದರು. ನೀರು, ರಸ್ತೆ, ಬಸ್ಸು ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿದರು.

"ನಾವಿಲ್ಲಿ ಸ್ವೆಟರ್ ಹಾಕ್ಕೊಂಡು ಚಳಿ ಚಳಿ ಅಂತೀವಿ. ಅಲ್ಲಿ ಹಿಮದ ಗುಡ್ಡದ ಮೇಲೆ ನಿಂತಿರೋ ನಮ್ಮ ಹುಡುಗರಿಗೆ ಸರಿಯಾದ ಬೂಟಿಲ್ಲ ಸ್ವಾಮಿ! ನನ್ನ ಡೆಲ್ಲಿಗೆ ಕಳ್ಸಿ. ಗಡಿ ಕಾಯೋರ ಬಟ್ಟೆಗೆ, ಬೂಟಿಗೆ, ಹೆಲಿಕಾಪ್ಟರಿಗೆ ಬೇರೆಯಾಗೇ ದುಡ್ಡು ಇಡಿಸ್ತೀನಿ. ಇಡಿಸ್ದೆ ಈ ಮೈದಾನಕ್ಕೆ ಮತ್ತೆ ಕಾಲಿಡಲ್ಲ."

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವರೆಕಾಯಿಯ ಚೀಲ ಕೈತಪ್ಪಿ ಯಾರದೋ ಕಾಲಿನ ಮೇಲೆ ಬಿತ್ತು.

ನಮ್ಮ ಪ್ರಸಾದ ಅಂಥ ಒಂದು ಗುಡ್ಡದ ಮೇಲಿದ್ದಾನೆ. ಯಾವ ಗುಡ್ಡ ಎಂದು ಬರೆಯುವ ಹಾಗಿಲ್ಲವಂತೆ. ಲಕೋಟೆಯ ಮೇಲೆ ಕ್ಯಾಪ್ಟನ್ ರಾಮಪ್ರಸಾದ ಎಂದು ಬರೆಯುವಾಗ ಈಗಲೂ ಬೇರೆ ಯಾರದೋ ಮಗನ ಹೆಸರು ಬರೆದ ಹಾಗನ್ನಿಸುತ್ತದೆ. ಆರನೇ ತರಗತಿಯವರೆಗೂ ಕತ್ತಲಲ್ಲಿ ಹಿತ್ತಲಿಗೆ ಹೋಗಬೇಕಾದರೆ ನನ್ನ ಸೆರಗು ಹಿಡಿಯುತ್ತಿದ್ದವನು. ಅವನ ಕೈಕೆಳಗೆ ನಮ್ಮ ತಲಘಟ್ಟಪುರದ ಹುಡುಗನೊಬ್ಬನಿದ್ದಾನಂತೆ, ಗಂಗಯ್ಯ ಅಂತ. ಅಷ್ಟು ಎತ್ತರದಲ್ಲಿ ಕನ್ನಡ ಮಾತಾಡುವವರು ಅವರಿಬ್ಬರೇ ಅಂತೆ.

ಮನೆಗೆ ಬಂದು ಇವರಿಗೆ ಹೇಳಿದೆ. ಪೇಪರಿನಿಂದ ಮುಖ ಎತ್ತದೆ, "ಅವ್ರು ಹೇಳ್ತಾರೆ, ನೀನು ಕೇಳ್ತೀಯ" ಅಂದರು. ನಿವೃತ್ತರಾದ ಮೇಲೆ ನಮ್ಮ ಯಜಮಾನರಿಗೆ ಯಾವುದರಲ್ಲೂ ನಂಬಿಕೆ ಉಳಿದಿಲ್ಲ.

ನಾನು ಈ ಮಾತಿನ ಬೆನ್ನು ಬಿಡುವುದಿಲ್ಲ. ಮರೆಯಬಾರದೆಂದೇ ಇವತ್ತಿನಿಂದ ಡೈರಿ.

೩೦ ಡಿಸೆಂಬರ್

ಚಿಕ್ಕಬೈರಪ್ಪ ಗೆದ್ದರು. ಬೀದಿಯ ತುಂಬ ಪಟಾಕಿ. ಇವರು ಕಿಟಕಿ ಮುಚ್ಚಿದರು, ನಾನು ತೆರೆದೆ.

೨೦ ಜನವರಿ ೧೯೮೫

ಬನಶಂಕರಿಯ ಅವರ ಮನೆಗೆ ಹೋಗಿದ್ದೆ. ಭಾನುವಾರ ಜನರನ್ನು ನೋಡುತ್ತಾರೆ. ಜಗುಲಿಯಲ್ಲಿ ಹಾರ, ಹಣ್ಣಿನ ಬುಟ್ಟಿ, ಚಪ್ಪಲಿಗಳ ರಾಶಿ. ಬೀದಿಗೆ ನಲ್ಲಿ ಬೇಕೆನ್ನುವವರು, ಮಗನಿಗೆ ಕೆಲಸ ಬೇಕೆನ್ನುವವರು. ನನ್ನ ಸರದಿ ಬಂದಾಗ ಹೇಳಿದೆ, "ನನಗೆ ಏನೂ ಬೇಡ ಸಾರ್. ನೀವು ಮೈದಾನದಲ್ಲಿ ಹೇಳಿದ್ದನ್ನ ನೆನಪಿಸೋಕೆ ಬಂದೆ."

ಒಂದು ಗಳಿಗೆ ಅವರಿಗೆ ಯಾವ ಮಾತೆಂದೇ ತಿಳಿಯಲಿಲ್ಲ. ಗಡಿ, ಬೂಟು ಎಂದೆ. "ಓ, ಅದಾ! ಇದೆ ತಾಯಿ, ಇಲ್ಲಿದೆ" ಎಂದು ಎದೆ ಮುಟ್ಟಿಕೊಂಡರು. ಆಗಲೇ ನನ್ನ ಹಿಂದಿನವರನ್ನು ನೋಡುತ್ತಿದ್ದರು.

ಇವತ್ತು ಚಳಿ ಹೆಚ್ಚು. ಪ್ರಸಾದನಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದೇನೆ. ಹಿಮ್ಮಡಿಯ ತಿರುವು ಪ್ರತಿ ಸಲ ತಪ್ಪುತ್ತದೆ, ಬಿಚ್ಚಿ ಮತ್ತೆ ಹೆಣೆಯುತ್ತೇನೆ. ಅವನ ಕಾಲಿನ ಅಳತೆ ಕೈಗೆ ಮರೆತುಹೋಗಿದೆ.

೧೭ ಮಾರ್ಚ್

ನಿನ್ನೆ ಬಜೆಟ್. ರೇಡಿಯೋ ಪಕ್ಕ ಕೂತು ಕೇಳಿದೆ. ರಕ್ಷಣೆಯ ಬಾಬತ್ತಿಗೆ ಒಂದು ದೊಡ್ಡ ಮೊತ್ತ ಓದಿದರು. ಅದರಲ್ಲಿ ಬೂಟಿನ ಮಾತಾಗಲಿ ಹಿಮದ ಮಾತಾಗಲಿ ನನ್ನ ಕಿವಿಗೆ ಬೀಳಲಿಲ್ಲ. ಇವತ್ತಿನ ಪೇಪರಿನಲ್ಲೂ ಹುಡುಕಿದೆ.

"ಒಳಗೆಲ್ಲೋ ಇರತ್ತೆ ಬಿಡು" ಎಂದರು ಇವರು. ಒಳಗೆಲ್ಲೋ ಇದ್ದರೆ ಸಾಲದು.

೨೫ ಮಾರ್ಚ್

ಪ್ರಸಾದನಿಂದ ಕಾಗದ. ನಾಲ್ಕೇ ಸಾಲು. ಗಂಗಯ್ಯ ತೀರಿಹೋದನಂತೆ. ಹೇಗೆ ಎಂದು ಬರೆದಿಲ್ಲ. ಕಾಲುಚೀಲ ಬಂತು, ಹಿತವಾಗಿದೆ ಎಂದು ಬರೆದಿದ್ದಾನೆ.

೯ ಜೂನ್, ಭಾನುವಾರ

ಪ್ರಸಾದ ರಜೆಯಲ್ಲಿ ಬಂದು ಮೂರು ದಿನವಾಯಿತು. ಮುಖದ ಚರ್ಮ ಸುಟ್ಟ ಹಪ್ಪಳದ ಹಾಗಾಗಿದೆ. ಬಂದ ದಿನ ಮಲಗಿದವನು ಮರುದಿನ ಮಧ್ಯಾಹ್ನ ಎದ್ದ. ನುಚ್ಚಿನುಂಡೆ ಮಾಡಿದೆ. ಮಜ್ಜಿಗೆಹುಳಿಯಲ್ಲಿ ಅದ್ದಿಕೊಂಡು ತಿನ್ನುತ್ತ, "ಇನ್ನೆರಡು ಹಾಕು" ಎಂದ. ಎಷ್ಟು ತಿಂದರೂ ಹಾಕುತ್ತಲೇ ಇರಬೇಕೆನ್ನಿಸಿತು.

ನಿನ್ನೆ ಒಬ್ಬನೇ ತಲಘಟ್ಟಪುರಕ್ಕೆ ಹೋಗಿ ಗಂಗಯ್ಯನ ತಾಯಿ ಅಂಕಮ್ಮನನ್ನು ನೋಡಿ ಬಂದ. ರಾತ್ರಿ ಊಟಕ್ಕೆ ಕೂತವನು ಅನ್ನ ಕಲಸಿಟ್ಟು ತಿನ್ನಲಿಲ್ಲ. ಇವರು, "ಏನಾಯ್ತೋ?" ಎಂದು ಕೇಳಿದ್ದೇ ತಡ, ಹೇಳಿಬಿಟ್ಟ.

ಫೆಬ್ರವರಿಯಲ್ಲಿ ಗಂಗಯ್ಯ ಗಸ್ತಿನಿಂದ ಬಂದಾಗ ಅವನ ಬೂಟು ಬಿರುಕು ಬಿಟ್ಟು ಒಳಗೆಲ್ಲ ನೀರು ಹೆಪ್ಪುಗಟ್ಟಿತ್ತಂತೆ. ಬೂಟನ್ನೇ ಕೊಯ್ದು ತೆಗೆಯಬೇಕಾಯಿತಂತೆ. ಹೊಸ ಬೂಟುಗಳು ಕೆಳಗಿನಿಂದ ಇನ್ನೂ ಬಂದಿರಲಿಲ್ಲ. ಹಿಮಗಾಳಿಗೆ ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ಕಾಲಿನ ಕಪ್ಪು ಮೇಲೇರುತ್ತ ಹೋಯಿತು. ಪ್ರಸಾದ ತನ್ನ ಅಂಗಿ ಬಿಚ್ಚಿ ಆ ಹುಡುಗನ ಪಾದಗಳನ್ನು ಹೊಟ್ಟೆಗೆ ಒತ್ತಿಕೊಂಡು ಡೇರೆಯಲ್ಲಿ ಕೂತಿದ್ದನಂತೆ.

"ಕೊನೆಗೆ ಜ್ಞಾನ ಇರ್ಲಿಲ್ಲಮ್ಮ. ನನ್ನೇ ಅವ್ರಮ್ಮ ಅಂದ್ಕೊಂಡ. ಅವ್ವ, ಒಲೆ ಹಚ್ಚು, ಒಲೆ ಹಚ್ಚವ್ವ ಅಂತಿದ್ದ. ಹಚ್ದೆ ಕಣೋ ಅಂದೆ. ಇನ್ನೇನ್ ಹೇಳ್ಲಿ?"

ಇವರು ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟರು. ನನಗೆ ಏಳಲಾಗಲಿಲ್ಲ.

ಅಂಕಮ್ಮನಿಗೆ ಅವನು ಹೇಳಿದ್ದೇ ಬೇರೆ. ಮಲಗಿದವನು ನಿದ್ದೆಯಲ್ಲೇ ಹೋದ, ನೋವೇ ತಿಳಿಯಲಿಲ್ಲ ಎಂದು. ಆಕೆ ಅವನ ಕೈ ಹಿಡಿದುಕೊಂಡು, "ಅಷ್ಟಾದ್ರೂ ಮಾಡ್ದ ದ್ಯಾವ್ರು" ಎಂದಳಂತೆ.

"ಅಮ್ಮ, ಇದು ಈ ಅಡುಗೆಮನೆ ದಾಟಬಾರದು" ಎಂದ. ನಾನು ತಲೆಯಾಡಿಸಿದೆ.

೨೮ ಜೂನ್

ಹೊರಟುಹೋದ. ರೈಲು ಹೊರಡುವಾಗ ನಗುತ್ತಿದ್ದ. ನಾನು ಅವನ ಕಾಲಿನಲ್ಲಿದ್ದ ಬೂಟನ್ನೇ ನೋಡುತ್ತಿದ್ದೆ.

೧೪ ಜುಲೈ

ಮತ್ತೆ ಬನಶಂಕರಿ. ಹೋಗುವಾಗ ಹೇಳಬೇಕೆಂದೇನೂ ಇರಲಿಲ್ಲ. ಬಜೆಟ್ಟಿನಲ್ಲಿ ಏನೂ ಬರಲಿಲ್ಲವಲ್ಲ ಎಂದು ಕೇಳಲು ಹೋಗಿದ್ದೆ.

"ಹೊಸಬ ನಾನು. ಡೆಲ್ಲೀಲಿ ಎದ್ದು ನಿಲ್ಲೋಕೂ ಟೈಮ್ ಕೊಡಲ್ಲ. ಬೂಟಿಲ್ಲ ಬೂಟಿಲ್ಲ ಅಂತ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ ಮೇಡಂ? ಪುರಾವೆ ಏನಿದೆ?" ಎಂದು ಏಳಲು ಹೊರಟರು. ಹಿಂದೆ ಇನ್ನೂ ಎಷ್ಟೋ ಜನ ಕಾದಿದ್ದರು. ಅವರು ಎದ್ದರೆ ಮತ್ತೊಂದು ಚಳಿಗಾಲ ಬಂದುಬಿಡುತ್ತದೆ ಎನ್ನಿಸಿತು. ಹೇಳಿಬಿಟ್ಟೆ. ಬೂಟು, ಹೆಲಿಕಾಪ್ಟರ್, ಒಲೆ, ಎಲ್ಲ.

ಚಿಕ್ಕಬೈರಪ್ಪ ಮತ್ತೆ ಕೂತರು. ಕಣ್ಣಲ್ಲಿ ನೀರಿತ್ತು, ನಾಟಕದ್ದಲ್ಲ. ಬಾಗಿಲು ಹಾಕಿಸಿದರು. ನನಗೆ ಕಾಫಿ ತರಿಸಿದರು. "ಹುಡುಗ ಯಾವೂರೋನು?" ಎಂದರು.

"ತಲಘಟ್ಟಪುರ."

"ನಮ್ ಪಕ್ಕದೋನೇ!" ಎಂದರು.

ಹೆಸರುಗಳನ್ನು ಹೊರಗೆ ಹೇಳಬಾರದೆಂದು ಕೇಳಿಕೊಂಡೆ. ಹೇಳುವುದಿಲ್ಲ ಎಂದಿದ್ದಾರೆ. ಇವರಿಗೆ ತಿಳಿಸಿಲ್ಲ. ತಿಳಿಸುವಂಥದ್ದು ಏನೂ ಆಗಿಲ್ಲ. ನಾಳಿನ ಹುಡುಗರಿಗೆ ಬೂಟು ಬಂದರೆ ಪ್ರಸಾದನೇ ಸಂತೋಷಪಡುತ್ತಾನೆ.

೪ ಆಗಸ್ಟ್

ಚಿಕ್ಕಬೈರಪ್ಪನವರು ಲೋಕಸಭೆಯಲ್ಲಿ ಪ್ರಶ್ನೆ ಕೇಳಿದ್ದಾರೆ! ಗಡಿಯ ಹಿಮಠಾಣೆಗಳ ಉಡುಪಿಗೆ ಪ್ರತ್ಯೇಕ ಹಣ ಇಡುವ ಯೋಚನೆ ಇದೆಯೇ ಎಂದು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತಂತೆ. ನಿನ್ನೆ ಕ್ಲಾಸಿನಲ್ಲಿ ಹುಡುಗಿಯರಿಗೆ ಹೇಳಿದೆ. ಒಬ್ಬ ಪ್ರಜೆ ಪಟ್ಟು ಬಿಡದಿದ್ದರೆ ಏನಾಗುತ್ತದೆ ನೋಡಿ ಎಂದೆ. ಆ ಪ್ರಜೆ ಯಾರೆಂದು ಹೇಳಲಿಲ್ಲ. ಹುಡುಗಿಯರು ಊಹಿಸಿದರೆಂದು ಕಾಣುತ್ತದೆ.

೧೧ ಆಗಸ್ಟ್

ಚಿಕ್ಕಬೈರಪ್ಪನವರು ಕಾರು ಕಳಿಸಿದ್ದರು. ಸ್ವಾತಂತ್ರ್ಯ ದಿನದ ಭಾಷಣಕ್ಕೆ ನಾನೇ ಒಂದು ಪುಟ ಬರೆದುಕೊಡಬೇಕಂತೆ. "ನಿಮ್ಮ ಭಾಷೆ ಚೆನ್ನಾಗಿದೆ ತಾಯಿ. ನಾವ್ ಹೇಳಿದ್ರೆ ಭಾಷಣ ಆಗತ್ತೆ, ನೀವ್ ಬರೆದ್ರೆ ಎದೆಗೆ ನಾಟತ್ತೆ. ಜನ ಒತ್ತಾಯ ಮಾಡಿದ್ರೆ ಫೆಬ್ರವರಿ ಬಜೆಟ್‌ಗೆ ಬಂದೇ ಬರತ್ತೆ."

ಸಂಜೆಯೆಲ್ಲ ಬರೆದೆ. ಮೊದಲು ವಿಷಯ ಇಟ್ಟು ಕೊನೆಗೆ ಒಲೆಯ ಮಾತು ತಂದೆ. ಆಮೇಲೆ ಅದನ್ನೇ ಮೊದಲಿಗೆ ಹಾಕಿದೆ. ಹಾಗೆ ಬರೆದಾಗ ಸರಿಯಾಗಿ ಕೂತಿತು. ಎಷ್ಟೋ ವರ್ಷದ ಮೇಲೆ ಬರೆದ ಸಂತೋಷವಾಯಿತು. ಹೆಸರು ಹಾಕಿಲ್ಲ.

ಪ್ರಸಾದನ ಕಾಗದ ಬಂದಿದೆ. ನಾಳೆ ಓದಬೇಕು.

೧೫ ಆಗಸ್ಟ್

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾಲ್ಕನೇ ಬ್ಲಾಕಿನ ಅದೇ ಮೈದಾನ. ಹಣ ಇಡಿಸದೆ ಇಲ್ಲಿ ಕಾಲಿಡುವುದಿಲ್ಲ ಎಂದಿದ್ದರು. ಇದು ರಾಷ್ಟ್ರೀಯ ಹಬ್ಬ, ಆ ಲೆಕ್ಕ ಬೇರೆ. ನಾನೂ ಇವರೂ ಎರಡನೇ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ಚಿಕ್ಕಬೈರಪ್ಪನವರ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಹಸಿರು ಸೀರೆ, ಕೊರಳಿಗೆ ದೊಡ್ಡ ಹಾರ. ಹಾರದ ಭಾರಕ್ಕೋ ಏನೋ ತಲೆ ಬಗ್ಗಿಸಿದ್ದಳು. ಯಾರೋ ಮಹಿಳಾ ಸಂಘದವಳೆಂದುಕೊಂಡೆ.

"ಅವ್ವ, ಒಲೆ ಹಚ್ಚು" ಎಂದೇ ಅವರು ಭಾಷಣ ಶುರುಮಾಡಿದರು. ನಾನು ಬರೆದಿದ್ದ ಹಾಗೆಯೇ. ಎರಡನೇ ವಾಕ್ಯದಲ್ಲಿ ಒಂದು ಪದ ನುಂಗಿದರು. ಬಿರುಕು ಬಿಟ್ಟ ಬೂಟು, ಕಪ್ಪಾದ ಕಾಲು. ಆಮೇಲೆ ನಾನು ಬರೆಯದ ಮಾತು ಬಂತು. "ಆ ವೀರ ಗಂಗಯ್ಯನ ಹೆತ್ತ ತಾಯಿ ಅಂಕಮ್ಮ ಇವತ್ತು ನಮ್ಮ ಜೊತೆ ಈ ವೇದಿಕೆ ಮೇಲಿದ್ದಾರೆ!"

ಜನ ಎದ್ದು ಚಪ್ಪಾಳೆ ತಟ್ಟಿದರು. ಹೆಂಗಸು ತಲೆ ಎತ್ತಿದಳು. ಅವಳಿಗೆ ಅರ್ಥವಾಗುತ್ತಿದೆ ಎಂದು ನನಗೆ ಗೊತ್ತಾಯಿತು. ಚಪ್ಪಾಳೆ ನಿಲ್ಲುವ ಮೊದಲೇ ಅವರು ಮುಂದುವರಿಸಿದರು. "ಆ ಕಾಲನ್ನ ಹೊಟ್ಟೆಗೆ ಅವುಚ್ಕೊಂಡಿದ್ದ ಆಫೀಸರ್ರೂ ನಮ್ ಜಯನಗರದ ಹುಡುಗ. ಈ ಸತ್ಯ ಹೊರಗೆ ತಂದ ಅವರ ತಾಯಿ ಕಾತ್ಯಾಯಿನಿ ಮೇಡಂ ಇಲ್ಲೇ ಇದ್ದಾರೆ. ಎದ್ದು ನಿಲ್ಲಿ ತಾಯಿ!"

ನಿಂತೆ. ಎಲ್ಲರೂ ತಿರುಗಿದ್ದರು, ನಿಲ್ಲದೆ ಏನು ಮಾಡಲಿ? ಪೇಪರಿನವರು ಫೋಟೋ ತೆಗೆದರು. ಇವರು ಎದ್ದು, ಸಾಲು ದಾಟಿಕೊಂಡು, ಹಿಂದೆ ನೋಡದೆ ಹೊರಟುಹೋದರು.

೧೮ ಆಗಸ್ಟ್

ಅಂಕಮ್ಮ ಬಂದಿದ್ದಳು. ಯಾರನ್ನೋ ಕೇಳಿಕೊಂಡು ಮನೆ ಹುಡುಕಿದಳಂತೆ. ಕುರ್ಚಿ ತೋರಿಸಿದರೂ ಹೊಸ್ತಿಲ ಬಳಿ ನೆಲದ ಮೇಲೆ ಕೂತಳು. ಇವರು ಒಳಗಿನಿಂದ ನೀರು ತಂದುಕೊಟ್ಟರು.

"ಅಮ್ಮಾವ್ರೇ, ನಿಮ್ ಮಗ ನಿದ್ದೇಲಿ ಹೋದ ಅಂದಿದ್ರು."

"ನಿಮಗೆ ನೋವಾಗಬಾರದು ಅಂತ ಹಾಗೆ ಹೇಳಿದ್ದ."

"ನಂಗೂ ಗೊತ್ತಾಯ್ತು ಬುಡಿ. ಅಂಗೆ ಯೋಳಿ ಒಳ್ಳೇದೇ ಮಾಡುದ್ರು." ಬೆರಳಿನಿಂದ ನೆಲ ಕೆರೆದಳು. "ಒಲೆ ಹಚ್ಚು ಅಂದ್ನಾ?"

"ಹೂಂ."

"ಆವತ್ತಿಂದ ನಂಗೆ ಒಲೆ ಹಚ್ಚಕ್ಕಾಯ್ತಿಲ್ಲ ಕಣಮ್ಮ. ಕಡ್ಡಿ ಗೀರ್ತೀನಿ, ಕೈ ಒಲೆತಂಕ ಹೋಗಾಕಿಲ್ಲ. ಪಕ್ಕದ್ಮನೆಯೋರು ಮುದ್ದೆ ಕೊಡ್ತವ್ರೆ."

ನಾನು ಆಕೆಗೆ ಸಮಾಧಾನ ಹೇಳಿದೆ. ಅವಳ ಮಗನ ಕಥೆ ಸಾವಿರಾರು ಜನರ ಮನಸ್ಸು ಮುಟ್ಟಿದೆ, ಫೆಬ್ರವರಿಯ ಬಜೆಟ್ಟಿನಲ್ಲಿ ಬೂಟಿಗೆ ಹಣ ಬಂದರೆ ಅದು ಗಂಗಯ್ಯನದೇ ಪುಣ್ಯ ಎಂದು ವಿವರಿಸಿದೆ. ಕೇಳಿಸಿಕೊಂಡಳು.

"ಬಜೆಟ್ಟು ಅಂದ್ರೆ ಏನಮ್ಮ?" ಎಂದಳು. ಹೇಳಿದೆ. "ನಿಮ್ ಮಗ ಬಂದ್ರೆ ನಮ್ಮನೇಗೆ ಕಳ್ಸಿ. ಅವರ ಬಾಯಿಂದ ಕೇಳ್ಬೇಕು" ಎಂದು ಎದ್ದಳು.

ಆಕೆ ಹೋದ ಮೇಲೆ ಇವರು ಅಡುಗೆಮನೆಗೆ ಬಂದು ನಿಂತರು. ಬೈಯುತ್ತಾರೆಂದುಕೊಂಡೆ. "ಕಾತ್ಯಾಯಿನಿ, ಆ ಹೆಂಗಸಿಗೆ ಕಾಫಿ ಕೊಡೋದನ್ನೂ ಮರೆತೆಯಲ್ಲ" ಎಂದರು, ಅಷ್ಟೇ.

೭ ಸೆಪ್ಟೆಂಬರ್

ಟ್ರಂಕ್ ಕಾಲ್. ಗರಗರ ಸದ್ದು.

"ಅಮ್ಮ, ಪೇಪರಲ್ಲಿ ಬಂದಿರೋದು ನೀನಾ?"

"ಪ್ರಸಾದ, ನೋಡು, ಲೋಕಸಭೇಲಿ ಪ್ರಶ್ನೆ..."

"ನೀನು ಹೇಳಿದ್ಯಾ, ಇಲ್ವಾ?"

"ನಿನ್ನ ಹುಡುಗರಿಗೋಸ್ಕರ ಹೇಳ್ದೆ ಕಣೋ."

"ಠಾಣೆಯ ವಿಷಯ ಹೊರಗೆ ಹೇಗೆ ಹೋಯ್ತು ಅಂತ ಎನ್ಕ್ವೈರಿ ಇಟ್ಟಿದ್ದಾರೆ. ನನ್ನ ಮೇಲೆ. ಸುಳ್ಳು ಹೇಳಲ್ಲ ನಾನು. ಅಪ್ಪನಿಗೆ ಕೊಡು."

ಇವರು ಬರೀ "ಹೂಂ, ಹೂಂ" ಎಂದರು. ಫೋನಿಟ್ಟು ಹೊರಗೆ ಹೋದವರು ದೀಪ ಹಚ್ಚುವ ಹೊತ್ತಿಗೂ ಬರಲಿಲ್ಲ.

೧೦ ನವೆಂಬರ್

ಎನ್ಕ್ವೈರಿ ಮುಗಿಯಿತಂತೆ. ಬಡ್ತಿ ನಿಲ್ಲಿಸಿದ್ದಾರೆ. ಅವನ ಹುಡುಗರ ಜೊತೆಯಿಂದ ತೆಗೆದು ಕೆಳಗೆ ಯಾವುದೋ ಉಗ್ರಾಣಕ್ಕೆ ಹಾಕಿದ್ದಾರೆ. ಇದೆಲ್ಲ ಇವರಿಗೆ ಬಂದ ಕಾಗದದಿಂದ ತಿಳಿದದ್ದು. ನನಗೆ ಬರೆದಿಲ್ಲ.

ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಉಗ್ರಾಣದಲ್ಲಿ ಹಿಮವಿರುವುದಿಲ್ಲ. ಇವರಿಗೆ ಹಾಗೆಂದಾಗ ನನ್ನ ಮುಖವನ್ನು ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದರು.

ಚಿಕ್ಕಬೈರಪ್ಪನವರಿಗೆ ಹೇಳಿದೆ. "ತ್ಯಾಗ ಅಂದ್ರೆ ಇದೇ ತಾಯಿ" ಎಂದರು. ಪ್ರಸಾದನಿಗಾಗಿ ಒಂದು ಮಾತು ಆಡಲಾಗುತ್ತದೆಯೇ ಎಂದು ಕೇಳಿದೆ. ಸೈನ್ಯದ ಒಳಗಿನ ವಿಷಯಕ್ಕೆ ತಾವು ಕೈಹಾಕುವುದು ಸರಿಯಲ್ಲವಂತೆ. ಅದೂ ನಿಜ. ಜನವರಿಯಿಂದ ವಾರ್ಡು ವಾರ್ಡಿನಲ್ಲಿ ಸಭೆ ಮಾಡೋಣ ಎಂದರು. ನಾನು ಮಾತಾಡಬೇಕು.

೧೯ ಜನವರಿ ೧೯೮೬

ಜೆ.ಪಿ. ನಗರದ ಸಭೆ ಚೆನ್ನಾಗಿ ಆಯಿತು. ಎಷ್ಟೋ ಹೆಂಗಸರು ಅತ್ತರು. ಒಲೆಯ ಮಾತು ಎಲ್ಲಿ ನಿಲ್ಲಿಸಿ ಹೇಳಬೇಕೆಂದು ಈಗ ತಿಳಿದಿದೆ.

೨೨ ಫೆಬ್ರವರಿ

ಪ್ರಸಾದ ಊರಿಗೆ ಬಂದಿದ್ದಾನೆ. ನನಗೆ ತಿಳಿಸಿಲ್ಲ. ಇವರು ರೈಲು ನಿಲ್ದಾಣಕ್ಕೆ ಹೋಗಿ ನೋಡಿಕೊಂಡು ಬಂದರು.

"ತಲಘಟ್ಟಪುರದಲ್ಲಿ ಅಂಕಮ್ಮನ ಮನೇಲಿರ್ತಾನೆ, ನಾಲ್ಕು ದಿನ. ನೀನು ಹೋಗ್ಬೇಕು ಕಾತ್ಯಾಯಿನಿ. ನಾಳೇನೇ ಹೋಗು. ಅವನಾಗಿ ಬರಲ್ಲ."

ನಾಳೆ ಬಿ.ಟಿ.ಎಂ. ಲೇಔಟಿನಲ್ಲಿ ಬಜೆಟ್ಟಿಗೆ ಮುಂಚಿನ ಕೊನೆಯ ಸಭೆ. ನಾಡಿದ್ದು ಮನವಿಗೆ ಸಹಿ ಮಾಡಿಸುವುದಿದೆ. ಇಷ್ಟು ದೂರ ಬಂದು ಈಗ ಬಿಟ್ಟರೆ ಅವನು ಅನುಭವಿಸಿದ್ದೆಲ್ಲ ದಂಡವಾಗುತ್ತದೆ. ಹಣ ಬಂತು ಕಣೋ ಎಂದು ಹೇಳಿಕೊಂಡೇ ಅವನೆದುರಿಗೆ ಹೋಗುವುದು ಒಳ್ಳೆಯದು.

ಇವರು ಸಂಜೆಯೇ ಬುತ್ತಿ ಕಟ್ಟಿಕೊಂಡು ಒಬ್ಬರೇ ಹೋದರು. ನುಚ್ಚಿನುಂಡೆ ತಾವೇ ಮಾಡಿಕೊಂಡಿದ್ದರು. ಒಡೆದುಹೋಗಿದ್ದವು.

೨೮ ಫೆಬ್ರವರಿ

ಬಜೆಟ್. ಕೇಳಿದೆ. ಬೂಟಿನ ಹೆಸರು ನನ್ನ ಕಿವಿಗೆ ಬೀಳಲಿಲ್ಲ.

೧ ಮಾರ್ಚ್

ಬನಶಂಕರಿಗೆ ಹೋದೆ. ಚಿಕ್ಕಬೈರಪ್ಪನವರು ಕಾರು ಹತ್ತುತ್ತಿದ್ದರು. "ನಮ್ ಪ್ರಯತ್ನ ನಾವ್ ಮಾಡಿದ್ವಿ ತಾಯಿ. ಈ ವರ್ಷ ಜನಕ್ಕೆ ನೀರಿನ ತಾಪತ್ರಯ ಜಾಸ್ತಿ, ಅದನ್ನ ಹಿಡೀತೀನಿ. ನೀವೂ ಬನ್ನಿ, ಚೆನ್ನಾಗಿ ಮಾತಾಡ್ತೀರ."

ಮಾತು ಕೊಟ್ಟಿದ್ದಿರಲ್ಲ ಎಂದೆ. ಕಾರಿನ ಗಾಜು ಏರಿತ್ತು. ಕೈಮುಗಿದರು.

೨ ಮಾರ್ಚ್, ಭಾನುವಾರ

ತಲಘಟ್ಟಪುರದ ಬಸ್ಸು ಹತ್ತಿದೆ. ಪ್ರಸಾದ ಹೋಗಿಯಾಗಿದೆ ಎಂದು ಗೊತ್ತಿತ್ತು. ಬೇರೆಲ್ಲಿಗೆ ಹೋಗಬೇಕೆಂದು ತೋಚಲಿಲ್ಲ.

ಅಂಕಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು ಚಾಪೆ ಹಾಸಿದಳು. ಒಳಗಿನಿಂದ ಹೊಗೆಯ ವಾಸನೆ ಬರುತ್ತಿತ್ತು. ಏನೋ ಬೇಯುತ್ತಿತ್ತು.

"ಬುಧವಾರ ಹೋದ್ರಮ್ಮ. ಬಾಗ್ಲು ಮುರುದಿತ್ತು, ಸರಿ ಮಾಡ್ಕೊಟ್ರು. ನಿಮ್ ಯಜಮಾನ್ರೂ ಬಂದಿದ್ರು. ಮೂರು ಜನಾನೂ ಇಲ್ಲೇ ಕುಂತು ಉಂಡೋ."

"ನನ್ನ ಬಗ್ಗೆ ಏನಾದರೂ ಅಂದನಾ?"

ಆಕೆ ಸ್ವಲ್ಪ ಯೋಚಿಸಿದಳು. "ಇಲ್ಲಮ್ಮ."

"ಗಂಗಯ್ಯನ ವಿಷಯ ಹೇಳಿದನಾ?"

"ಎಲ್ಲಾನೂ ಯೋಳುದ್ರು. ಮೊದ್ಲಿಂದ ಕೊನೇತಂಕ. ಎಲ್ಡು ರಾತ್ರಿ ಕುಂತು ಯೋಳುದ್ರು. ಭಾಷಣದಾಗೆ ಬರ್ದೇ ಇದ್ದಿದ್ದೂ ಯೋಳುದ್ರು."

ನನ್ನ ಮೈಯೆಲ್ಲ ಕಿವಿಯಾಯಿತು. "ಏನು ಹೇಳಿದ?"

ಅಂಕಮ್ಮ ಮೊರ ಎತ್ತಿಕೊಂಡಳು. ಸಿಟ್ಟಿರಲಿಲ್ಲ ಮುಖದಲ್ಲಿ. ಚಿಕ್ಕ ಮಕ್ಕಳ ಕೈಯಿಂದ ಕತ್ತಿ ತೆಗೆದಿಡುವಾಗ ಇರುತ್ತದಲ್ಲ, ಹಾಗಿತ್ತು.

"ಅದು ನನ್ ಮಗಂದು ಕಣಮ್ಮ. ನಿಮ್ಗೆ ಯೋಳಾಕಿಲ್ಲ."

ಮತ್ತೊಮ್ಮೆ ಕೇಳಿದೆ. ಆಕೆ ರಾಗಿ ಕೇರಿದಳು. ಆಮೇಲೆ ನನಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು, ಬಸ್ಸು ಬರುವವರೆಗೂ ಕನಕಪುರ ರಸ್ತೆಯ ಬಿಸಿಲಿನಲ್ಲಿ ನನ್ನ ಪಕ್ಕವೇ ನಿಂತಿದ್ದಳು.